ಸಿಲ್ವರ್ ಓಕ್ ಮರಗಳ ಹಿಂದಿನ ಉತ್ತರ

ಕೊಡಗಿನಲ್ಲಿ ಯಾರನ್ನಾದರೂ ಧ್ರುವ ನಕ್ಷತ್ರ ತೋರಿಸಿ ಎಂದು ಕೇಳಿ ನೋಡಿ. ದಿಕ್ಕು ಬಲ್ಲವರು ಉತ್ತರಕ್ಕೆ ತಿರುಗುತ್ತಾರೆ, ತಿರುಗಿದವರೇ ಕತ್ತನ್ನು ಅರ್ಧ ಆಕಾಶದವರೆಗೆ ಎತ್ತಿ ಹುಡುಕತೊಡಗುತ್ತಾರೆ. ಪಠ್ಯಪುಸ್ತಕದ ಚಿತ್ರಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ನಕ್ಷತ್ರಪಥದ ಫೋಟೋಗಳಲ್ಲಿ ಅದು ಅಷ್ಟು ಮೇಲೆಯೇ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ಆಕಾಶದ ಚಿತ್ರಗಳು. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ನಾವು ನಿಂತ ಊರಿನ ಅಕ್ಷಾಂಶಕ್ಕೆ ಸರಿಸಮ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಅಂದರೆ ಕೈಯನ್ನು ನೀಳವಾಗಿ ಚಾಚಿ, ಮುಷ್ಟಿ ಬಿಗಿದು, ಅದರ ಕೆಳಗಿನ ಅಂಚನ್ನು ದಿಗಂತಕ್ಕೆ ತಾಗಿಸಿ ಹಿಡಿದರೆ, ಮುಷ್ಟಿಯ ಮೇಲೆ ಇನ್ನೊಂದು ಬೆರಳಿನಷ್ಟು ಎತ್ತರ. ಅಷ್ಟೇ.

ಅದೂ ದಿಗಂತ ಎನ್ನುವುದೊಂದು ಇದ್ದರೆ. ನಮ್ಮಲ್ಲಿ ದಿಗಂತ ನೋಡಬೇಕಾದರೆ ಬೆಟ್ಟ ಹತ್ತಬೇಕು. ಉಳಿದಂತೆ ಎತ್ತ ತಿರುಗಿದರೂ ಏರು, ಏರಿನ ಮೇಲೆ ಕಾಫಿ, ಕಾಫಿಯ ಮೇಲೆ ನೆರಳಿನ ಮರ. ನಮ್ಮ ಮನೆಯ ಉತ್ತರಕ್ಕೆ ಒಂದು ದಿಣ್ಣೆ ಇದೆ, ಅದರ ನೆತ್ತಿಯುದ್ದಕ್ಕೂ ಕಾಳುಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತಿವೆ. ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಇಪ್ಪತ್ತು ಮೀಟರ್ ಎತ್ತರದ ಮರವೊಂದು ಸಮತಟ್ಟು ನೆಲದಲ್ಲಿ ನಮ್ಮಿಂದ ತೊಂಬತ್ತು ಮೀಟರ್ ದೂರದಲ್ಲಿದ್ದರೂ ಈ ಅಕ್ಷಾಂಶದಲ್ಲಿ ಧ್ರುವವನ್ನು ಮರೆಮಾಡಬಲ್ಲದು. ಅದೇ ಮರ 45 ಡಿಗ್ರಿ ಅಕ್ಷಾಂಶದ ಊರಿನಲ್ಲಿ ಇಪ್ಪತ್ತು ಮೀಟರ್ ಹತ್ತಿರಕ್ಕೆ ಬಂದರೆ ಮಾತ್ರ ಅಡ್ಡವಾಗುತ್ತದೆ. ನಮ್ಮ ಮರಗಳು ದಿಣ್ಣೆಯ ಮೇಲಿವೆ. ಹಾಗಾಗಿ ಮನೆಯ ಅಂಗಳದಿಂದ ಧ್ರುವ ನಕ್ಷತ್ರ ವರ್ಷದ ಯಾವ ರಾತ್ರಿಯೂ ಕಾಣುವುದಿಲ್ಲ.

ಬರಿಗಣ್ಣಿನಿಂದ ಆಕಾಶ ನೋಡುವವರಿಗೆ ಇದರಿಂದ ನಷ್ಟವೇನೂ ಇಲ್ಲ. ನಮಗೆ ದಕ್ಷಿಣದ ಆಕಾಶ ಧಾರಾಳವಾಗಿ ಸಿಕ್ಕಿದೆ. ಲಂಡನ್ನಿನವರು ಎಂದೂ ಕಾಣದ ತ್ರಿಶಂಕು ನಕ್ಷತ್ರಪುಂಜ ನಮಗೆ ಹದಿನೇಳು ಡಿಗ್ರಿ ಮೇಲೇರುತ್ತದೆ. ಒಮೆಗಾ ಸೆಂಟಾರಿ ಎಂಬ ಮಹಾ ತಾರಾಗುಚ್ಛ ಮೂವತ್ತು ಡಿಗ್ರಿ ಎತ್ತರಕ್ಕೆ ಬರುತ್ತದೆ. ಅವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಹೊರಟಾಗಲೇ ಕಾಣದ ಉತ್ತರ ಅಡ್ಡ ಬರುತ್ತದೆ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್ ಸೆಕೆಂಡಿನಂತೆ ಪಶ್ಚಿಮಕ್ಕೆ ಸರಿಯುತ್ತವೆ. ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು ಆರ್ಕ್ ಮಿನಿಟ್, ಅದರ ಅರವತ್ತರಲ್ಲೊಂದು ಪಾಲು ಆರ್ಕ್ ಸೆಕೆಂಡ್. ಅಷ್ಟೇ ವೇಗದಲ್ಲಿ ದೂರದರ್ಶಕವನ್ನು ಹಿಂಬಾಲಿಸುವಂತೆ ತಿರುಗಿಸುವುದು ಈಕ್ವಟೋರಿಯಲ್ ಮೌಂಟಿನ ಕೆಲಸ. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ. ಹಾಗೆ ನಿಲ್ಲಿಸುವುದೇ ಪೋಲಾರ್ ಅಲೈನ್‌ಮೆಂಟ್. ನಾನು ಓದಿದ ಕೈಪಿಡಿಗಳೆಲ್ಲ ಶುರುವಾಗುವುದು ಒಂದೇ ವಾಕ್ಯದಿಂದ: ಮೊದಲು ಧ್ರುವ ನಕ್ಷತ್ರವನ್ನು ನೋಡಿಕೊಳ್ಳಿ. ಅದು ಕಾಣದವರು ಏನು ಮಾಡಬೇಕು ಎಂಬುದು ಕೊನೆಯ ಪುಟದ ಚಿಕ್ಕ ಟಿಪ್ಪಣಿಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈ ಬರಹ ಆ ಟಿಪ್ಪಣಿಯ ಬಗ್ಗೆ.

ಕಂಡರೂ ಪೂರ್ತಿ ನಂಬುವಂತಿಲ್ಲ

ಊರಿನ ಮೇಲಿನ ಬೋಳು ಬೆಟ್ಟಕ್ಕೆ ಹೋದರೆ ಧ್ರುವ ಕಾಣುತ್ತದಲ್ಲ ಎಂದು ಕೇಳುವವರಿದ್ದಾರೆ. ಕಾಣುತ್ತದೆ, ಡಿಸೆಂಬರ್ ಜನವರಿಯ ಕೆಲವು ರಾತ್ರಿಗಳಲ್ಲಿ. ಆದರೆ ಹನ್ನೆರಡು ಡಿಗ್ರಿ ಎತ್ತರದ ನಕ್ಷತ್ರದ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು ಹಾದು ಬರಬೇಕು. ಕಣಿವೆಯಿಂದ ಎದ್ದ ಮಂಜು, ಒಣಗಿದ ಎಲೆ ಸುಟ್ಟ ಹೊಗೆ, ದೂರದ ಪೇಟೆಯ ದೀಪದ ಬೆಳಕು ಎಲ್ಲವೂ ಸೇರಿಕೊಳ್ಳುವುದು ಆ ಕೆಳಗಿನ ಪಟ್ಟಿಯಲ್ಲೇ. ಧ್ರುವ ಅಷ್ಟೇನೂ ಪ್ರಕಾಶಮಾನವಾದ ನಕ್ಷತ್ರವಲ್ಲ, ಎರಡನೇ ದರ್ಜೆಯದು. ಮೌಂಟಿನ ಅಕ್ಷದ ನೇರಕ್ಕೆ ಕೂರಿಸಿದ ಚಿಕ್ಕ ದರ್ಶಕವಾದ ಪೋಲಾರ್ ಸ್ಕೋಪಿನೊಳಗೆ ಅದು ನಡುಗುವ ಮಸುಕು ಚುಕ್ಕೆಯಾಗಿ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದದ್ದು ವಾತಾವರಣದ ವಕ್ರೀಭವನ. ಗಾಳಿ ಬೆಳಕನ್ನು ಬಾಗಿಸುವುದರಿಂದ ನಕ್ಷತ್ರ ತಾನಿರುವುದಕ್ಕಿಂತ ತುಸು ಮೇಲೆ ಕಾಣುತ್ತದೆ. 45 ಡಿಗ್ರಿ ಎತ್ತರದಲ್ಲಿ ಈ ಏರಿಕೆ ಒಂದು ಆರ್ಕ್ ಮಿನಿಟಿನಷ್ಟು. ನಮ್ಮ ಹನ್ನೆರಡು ಡಿಗ್ರಿಯಲ್ಲಿ ಅದು ನಾಲ್ಕೂವರೆ ಆರ್ಕ್ ಮಿನಿಟ್. ಇಂದಿನ ತಂತ್ರಾಂಶಗಳು ಒಂದು ಆರ್ಕ್ ಮಿನಿಟಿನೊಳಗೆ ಅಕ್ಷವನ್ನು ಕೂರಿಸಿ ಎನ್ನುತ್ತವೆ. ಕಣ್ಣಿಗೆ ಕಂಡ ಧ್ರುವವನ್ನೇ ನೆಚ್ಚಿದರೆ ಅದರ ನಾಲ್ಕು ಪಟ್ಟು ವ್ಯತ್ಯಾಸ ಆರಂಭದಲ್ಲೇ ಬಂದು ಕೂರುತ್ತದೆ.

ಧ್ರುವ ನಕ್ಷತ್ರವೇ ಧ್ರುವವಲ್ಲ ಎನ್ನುವುದು ಗೊತ್ತಿರುವ ಸಂಗತಿ, ಆದರೂ ಅದರ ಅಳತೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಭೂಮಿಯ ಅಕ್ಷ ಆಕಾಶವನ್ನು ಮುಟ್ಟುವ ಬಿಂದುವಿನಿಂದ ನಕ್ಷತ್ರ ಈಗ ಮೂರನೇ ಎರಡು ಡಿಗ್ರಿಗೆ ತುಸು ಕಡಿಮೆ ದೂರದಲ್ಲಿದೆ. ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ಹೆಚ್ಚು. ಅದೂ ದಿನಕ್ಕೊಂದು ಸುತ್ತು ಹಾಕುತ್ತದೆ, ಒಂದು ಗಂಟೆಯ ಎಕ್ಸ್‌ಪೋಷರ್ ಕೊಟ್ಟರೆ ಚಿಕ್ಕ ಕಮಾನಾಗಿ ಮೂಡುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವ ಸುಮಾರು 26,000 ವರ್ಷಗಳ ಅಯನಚಲನೆಯಲ್ಲಿ ಧ್ರುವಬಿಂದು ಆಕಾಶದಲ್ಲಿ ಅಲೆಯುತ್ತಲೇ ಇರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ನಕ್ಷತ್ರ ಧ್ರುವಬಿಂದುವಿನಿಂದ ಸುಮಾರು ಹನ್ನೆರಡು ಡಿಗ್ರಿ ದೂರವಿತ್ತು. ಇದು ಬರೀ ಪುರಾತನ ಕಾಲದ ಮಾತೂ ಅಲ್ಲ. 2000ನೇ ಇಸವಿಯ ನಕ್ಷೆಯಲ್ಲಿ ಗುರುತಿಸಿದ ಧ್ರುವಬಿಂದುವಿಗೂ 2025ರದಕ್ಕೂ ಎಂಟು ಆರ್ಕ್ ಮಿನಿಟಿಗಿಂತ ಹೆಚ್ಚು ಅಂತರವಿದೆ. ನಕ್ಷತ್ರ ಸೂಚಿಗಳಲ್ಲಿ ಹೆಚ್ಚಿನವು ಇವತ್ತಿಗೂ 2000ನೇ ಇಸವಿಯ ಲೆಕ್ಕದಲ್ಲೇ ಇರುವುದರಿಂದ, ಅಲೈನ್‌ಮೆಂಟ್ ತಂತ್ರಾಂಶ ಮೊದಲು ಈ ಅಂತರವನ್ನು ತೆಗೆಯಬೇಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ದಿನಾಂಕ, ಸಮಯ, ಸ್ಥಳ ಸರಿಯಾಗಿರಬೇಕೆಂದು ಅದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಧ್ರುವ ಇಷ್ಟು ತಗ್ಗಿನಲ್ಲಿರುವುದು ದೊಡ್ಡ ವೇಧಶಾಲೆಗಳನ್ನೂ ಯೋಚನೆಗೆ ಹಚ್ಚಿದ ವಿಷಯ ಎನ್ನುವುದು ನನಗೆ ಸಮಾಧಾನ ಕೊಡುತ್ತದೆ. ತಮಿಳುನಾಡಿನ ಕಾವಲೂರಿನ ವೈನು ಬಪ್ಪು ವೇಧಶಾಲೆ ಇರುವುದು 12.6 ಡಿಗ್ರಿ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ನಮ್ಮ ನೇರಕ್ಕೆ ಪೂರ್ವದಲ್ಲಿ. 1986ರಲ್ಲಿ ಉದ್ಘಾಟನೆಯಾದ ಅಲ್ಲಿನ 2.34 ಮೀಟರ್ ದೂರದರ್ಶಕ ಈಕ್ವಟೋರಿಯಲ್ ಮಾದರಿಯದೇ. ಅದರ ಅಕ್ಷ ನೆಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಮಲಗಿದೆ, ಉತ್ತರದ ತುದಿಯಲ್ಲಿ ಕುದುರೆಲಾಳದ ಆಕಾರದ ಭಾರೀ ಬೇರಿಂಗ್ ಇದೆ. ನಮ್ಮಂಥವರ ಚಿಕ್ಕ ಮೌಂಟುಗಳೂ ಹೀಗೆ ಮಲಗಿಕೊಂಡೇ ದುಡಿಯಬೇಕು. ಆಗ ಪ್ರತಿತೂಕದ ಸರಳು ಟ್ರೈಪಾಡಿನ ಕಾಲಿಗೆ ತಗಲುವಷ್ಟು ಕೆಳಗೆ ಬರುತ್ತದೆ. ನಾನು ಟ್ರೈಪಾಡಿಗೂ ಮೌಂಟಿಗೂ ನಡುವೆ ಒಂದು ಗಿಡ್ಡ ಕಂಬ ಕೂರಿಸಿಕೊಂಡಿದ್ದೇನೆ.

ಕಣದ ಮೂಲೆಯಲ್ಲಿ

ಬೆಟ್ಟಕ್ಕೆ ಹೊತ್ತುಕೊಂಡು ಹೋಗುವ ಮಾತು ನಾನು ಬಿಟ್ಟಿದ್ದೇನೆ. ರಾತ್ರಿ ಹೊತ್ತು ತೋಟದ ದಾರಿಯಲ್ಲಿ ಆನೆ ಇದ್ದರೆ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬರುತ್ತದೆ, ಬಾರದ ದಿನವೂ ಆನೆ ಇರಬಹುದು. ಮನೆಯ ಹತ್ತಿರ ಆಕಾಶ ತೆರೆದುಕೊಂಡಿರುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ದಕ್ಷಿಣಕ್ಕೆ ಗದ್ದೆಬಯಲು, ಪೂರ್ವ ಪಶ್ಚಿಮಗಳಲ್ಲೂ ಅಷ್ಟಿಷ್ಟು ಬಯಲು. ಉತ್ತರಕ್ಕೆ ಮಾತ್ರ ಆ ದಿಣ್ಣೆ. ತೊಂದರೆ ಎಂದರೆ ಕೊಡಗಿನಲ್ಲಿ ಆಕಾಶ ತಿಳಿಯಾಗುವ ತಿಂಗಳುಗಳೇ ಕಾಫಿ ಕೊಯ್ಲಿನ ತಿಂಗಳುಗಳು. ಜನವರಿ, ಫೆಬ್ರವರಿಯಲ್ಲಿ ಕಣದ ತುಂಬ ರೊಬಸ್ಟಾ ಹಣ್ಣು. ಸಂಜೆಯಾದರೆ ಇಬ್ಬನಿಗೆ ಸಿಕ್ಕದಂತೆ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ, ಬೆಳಿಗ್ಗೆ ಮತ್ತೆ ಹರಡುತ್ತಾರೆ. ನನಗೆ ಸಿಗುವುದು ರಾಶಿಗಳ ನಡುವಿನ ಒಂದು ಮೂಲೆ, ಕತ್ತಲಾದ ಮೇಲಿನಿಂದ ಬೆಳಕು ಹರಿಯುವವರೆಗೆ. ತೋಟ ನೋಡಿಕೊಳ್ಳುವ ದೊಡ್ಡಪ್ಪನ ಷರತ್ತು ಅದು, ನ್ಯಾಯವಾದದ್ದೇ.

ಉತ್ತರ ಕಾಣದ ಕಡೆ ಅಲೈನ್‌ಮೆಂಟ್ ಮಾಡುವ ಹಳೆಯ ದಾರಿಗೆ ಡ್ರಿಫ್ಟ್ ವಿಧಾನ ಎನ್ನುತ್ತಾರೆ. ಅಕ್ಷ ತಪ್ಪಿದ್ದರೆ ಮೌಂಟ್ ಎಷ್ಟೇ ಸರಿಯಾದ ವೇಗದಲ್ಲಿ ತಿರುಗಿದರೂ ನಕ್ಷತ್ರ ನಿಧಾನವಾಗಿ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತದೆ. ಆ ಜಾರುವಿಕೆಯೇ ತಪ್ಪಿನ ದಿಕ್ಕನ್ನು ಹೇಳುತ್ತದೆ. ನೆತ್ತಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಎಳೆದ ಗೆರೆಯ ಬಳಿ, ಖಗೋಳದ ವಿಷುವದ್ವೃತ್ತಕ್ಕೆ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಹಾಯುವ ಗೆರೆಗೆ) ಹತ್ತಿರವಿರುವ ನಕ್ಷತ್ರವನ್ನು ಆರಿಸಿಕೊಂಡರೆ ಅದು ಅಕ್ಷದ ಎಡಬಲದ ತಪ್ಪನ್ನಷ್ಟೇ ತೋರಿಸುತ್ತದೆ. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಪೂರ್ವದಲ್ಲಿ ಏರುತ್ತಿರುವ ನಕ್ಷತ್ರವಾದರೆ ಅದು ಎತ್ತರದ ತಪ್ಪನ್ನು ಹೇಳುತ್ತದೆ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಹಿಂದಿನವರು ಇದನ್ನು ಗೆರೆ ಹಾಕಿದ ಐಪೀಸಿನಲ್ಲಿ ಕಣ್ಣು ನೆಟ್ಟು, ಒಂದೊಂದು ತಿದ್ದುಪಡಿಗೂ ಹತ್ತಿಪ್ಪತ್ತು ನಿಮಿಷ ಕಾದು ಮಾಡುತ್ತಿದ್ದರು. ಕ್ಯಾಮೆರಾ ಆ ಕಾಯುವಿಕೆಯನ್ನು ಕಡಿಮೆ ಮಾಡಿತು. ರಾಬರ್ಟ್ ವೈಸ್ ಎಂಬವರ ಹೆಸರಿನಲ್ಲಿ ಹವ್ಯಾಸಿಗಳ ನಡುವೆ ಪ್ರಚಾರಕ್ಕೆ ಬಂದ ವಿಧಾನವೊಂದಿದೆ. ಎರಡು ನಿಮಿಷದ ಒಂದೇ ಎಕ್ಸ್‌ಪೋಷರ್. ಮೊದಲ ಐದು ಸೆಕೆಂಡು ಏನೂ ಮಾಡಬಾರದು, ನಕ್ಷತ್ರ ಒಂದು ಚುಕ್ಕೆ ಮೂಡಿಸಲಿ. ಆಮೇಲೆ ಒಂದು ನಿಮಿಷ ಮೌಂಟನ್ನು ಪೂರ್ವಪಶ್ಚಿಮದ ಅಕ್ಷದಲ್ಲಿ ನಿಧಾನವಾಗಿ ಒಂದು ಕಡೆಗೆ ಓಡಿಸಬೇಕು, ಮತ್ತೊಂದು ನಿಮಿಷ ಅದೇ ವೇಗದಲ್ಲಿ ಹಿಂದಕ್ಕೆ. ಅಕ್ಷ ಸರಿಯಿದ್ದರೆ ನಕ್ಷತ್ರ ಹೋದ ಗೆರೆಯ ಮೇಲೆಯೇ ಮರಳಿ ಬರುತ್ತದೆ. ತಪ್ಪಿದ್ದರೆ ಗೆರೆ ಎರಡಾಗಿ ಕವಲೊಡೆಯುತ್ತದೆ.

ನಮ್ಮ ಅಕ್ಷಾಂಶದಲ್ಲಿ ಇದಕ್ಕೆ ಹೇಳಿಮಾಡಿಸಿದ ನಕ್ಷತ್ರವಿದೆ. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ಕೊನೆಯದು, ಮಿಂಟಾಕ. ಅದು ವಿಷುವದ್ವೃತ್ತದಿಂದ ಮೂರನೇ ಒಂದು ಡಿಗ್ರಿಯಷ್ಟೂ ದೂರವಿಲ್ಲ. ಜನವರಿ ಕೊನೆಯ ವಾರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ 77 ಡಿಗ್ರಿ ಎತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ. ಅಲ್ಲಿ ಮರವಿಲ್ಲ, ಮಂಜಿಲ್ಲ, ಗಾಳಿಯ ಪದರ ಅತ್ಯಂತ ತೆಳು. ಉತ್ತರದ ಬಡತನವನ್ನು ನೆತ್ತಿಯ ಆಕಾಶ ತುಂಬಿಕೊಡುತ್ತದೆ.

ಅಂಥ ಒಂದು ಜನವರಿ ರಾತ್ರಿ ದೊಡ್ಡಪ್ಪ ಟಾರ್ಚ್ ಹಿಡಿದು ಟಾರ್ಪಾಲಿನ ಅಂಚಿಗೆ ಇಟ್ಟ ಕಲ್ಲುಗಳನ್ನು ನೋಡಲು ಬಂದರು. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಆಗಷ್ಟೇ ಮೊದಲ ಚಿತ್ರ ಇಳಿದಿತ್ತು. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಚುಕ್ಕೆ, ಅದರಿಂದ ಹೊರಟ ಗೆರೆ, ತುದಿಯಲ್ಲಿ ತಿರುಗಿ ಕೆಳಗಿನಿಂದ ವಾಪಸಾದ ಇನ್ನೊಂದು ಗೆರೆ. ಟಾರ್ಚ್ ಆರಿಸಿ ಬಗ್ಗಿ ನೋಡಿದರು.

“ಇದೇನೋ, ಎರಡು ಗೆರೆ?”

“ಒಂದೇ ನಕ್ಷತ್ರ ದೊಡ್ಡಪ್ಪ. ಹೋಗುವಾಗ ಮೇಲಿನದು, ಬರುವಾಗ ಕೆಳಗಿನದು. ಮೌಂಟ್ ಉತ್ತರಕ್ಕೆ ಸರಿಯಾಗಿ ನಿಂತಿದ್ದರೆ ಎರಡೂ ಒಂದೇ ಆಗಬೇಕು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಸ ತೋಟ ಹಾಕುವಾಗ ಗೂಟ ಹೊಡೆದು, ಹಗ್ಗ ಎಳೆದು ಗಿಡದ ಸಾಲು ಹಿಡಿಸಿದವರು ಅವರು. “ಹಗ್ಗ ಹೋದ ದಾರಿಯಲ್ಲೇ ತಿರುಗಿ ಬರದಿದ್ದರೆ ಮೊದಲ ಗೂಟವೇ ಸರಿಯಿಲ್ಲ ಎಂದು ಲೆಕ್ಕ. ಕೊನೆಯ ಗೂಟ ಅಲ್ಲಾಡಿಸಿ ಪ್ರಯೋಜನವಿಲ್ಲ,” ಎಂದರು. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಮೌಂಟಿನ ಬುಡದಲ್ಲಿ ಎದುರುಬದುರಾಗಿ ಎರಡು ಬೋಲ್ಟುಗಳಿವೆ, ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಇಡೀ ಮೌಂಟ್ ಕೂದಲೆಳೆಯಷ್ಟು ತಿರುಗುತ್ತದೆ. ಪೂರ್ವದ ಬೋಲ್ಟನ್ನು ನಾನು ಸಡಿಲಿಸಿದೆ, ಪಶ್ಚಿಮದ್ದನ್ನು ಅವರು ಕಾಲು ಸುತ್ತು ಬಿಗಿದರು. ಮತ್ತೆ ಎರಡು ನಿಮಿಷ. ಕವಲು ಕಿರಿದಾಗಿತ್ತು. ಇನ್ನೊಂದು ಕಾಲು ಸುತ್ತು. ಗೆರೆಗಳು ಒಂದನ್ನೊಂದು ಮುಟ್ಟಿದವು. ಒಂದು ಡಿಗ್ರಿ ತಪ್ಪಿದ್ದರೆ ಎರಡು ನಿಮಿಷದಲ್ಲಿ ನಕ್ಷತ್ರ ಸುಮಾರು ಮೂವತ್ತು ಆರ್ಕ್ ಸೆಕೆಂಡ್ ಜಾರುತ್ತದೆ, ಪರದೆಯಲ್ಲಿ ಅದು ಎದ್ದು ಕಾಣುತ್ತದೆ. ತಪ್ಪು ಕಡಿಮೆಯಾದಂತೆ ಜಾರುವಿಕೆಯೂ ಕಡಿಮೆಯಾಗುವುದರಿಂದ ಕೊನೆಯ ಹಂತಕ್ಕೆ ಎಂಟು ಹತ್ತು ನಿಮಿಷದ ಎಕ್ಸ್‌ಪೋಷರ್ ಬೇಕು. ದೊಡ್ಡಪ್ಪ ಅದು ಮುಗಿಯುವವರೆಗೂ ಇದ್ದು, ಗೆರೆ ಒಂದೇ ಆದದ್ದನ್ನು ನೋಡಿಕೊಂಡೇ ಒಳಗೆ ಹೋದರು.

ಉತ್ತರಕ್ಕೆ ಬೆನ್ನು ಹಾಕಿ

ಡ್ರಿಫ್ಟ್ ವಿಧಾನ ಕಲಿಸುವಷ್ಟು ಪಾಠವನ್ನು ಬೇರೆ ಯಾವುದೂ ಕಲಿಸದು. ಆದರೆ ರಾತ್ರಿಯ ತಿಳಿ ಆಕಾಶ ಮೂರೇ ಗಂಟೆ ಇರುವ ಊರಿನಲ್ಲಿ ಅದರಲ್ಲಿ ಒಂದು ಗಂಟೆಯನ್ನು ಅಲೈನ್‌ಮೆಂಟಿಗೇ ಕೊಡುವುದು ಕಷ್ಟ. ಈಗ ನಾನು ಹೆಚ್ಚಾಗಿ ಬಳಸುವುದು ಮೂರು ಚಿತ್ರಗಳ ವಿಧಾನ. ಕ್ಯಾಮೆರಾದಿಂದ ಅಲೈನ್‌ಮೆಂಟ್ ಮಾಡುವ ಉಪಕರಣಗಳೂ ತಂತ್ರಾಂಶಗಳೂ ಹಲವು. ಅವುಗಳಲ್ಲಿ ಪೋಲ್‌ಮಾಸ್ಟರ್, ಶಾರ್ಪ್‌ಕ್ಯಾಪ್ ಮೊದಲಾದವಕ್ಕೆ ಧ್ರುವದ ಸುತ್ತಲಿನ ಆಕಾಶ ಕಾಣಲೇಬೇಕು, ಹಾಗಾಗಿ ನಮ್ಮ ಕಣದಲ್ಲಿ ಅವುಗಳಿಗೆ ಕೆಲಸವಿಲ್ಲ. ನೀನಾ ಎಂಬ ಉಚಿತ ತಂತ್ರಾಂಶದ ತ್ರೀ ಪಾಯಿಂಟ್ ಪ್ಲಗಿನ್ ಆಕಾಶದ ಯಾವ ಮೂಲೆಯಾದರೂ ಸಾಕು ಎನ್ನುತ್ತದೆ. ಒಂದು ಚಿತ್ರ ತೆಗೆದು, ಮೌಂಟನ್ನು ಒಂದೇ ಅಕ್ಷದಲ್ಲಿ ಸ್ವಲ್ಪ ತಿರುಗಿಸಿ ಎರಡನೆಯದು, ಮತ್ತೆ ತಿರುಗಿಸಿ ಮೂರನೆಯದು. ಪ್ರತಿ ಚಿತ್ರದಲ್ಲೂ ನಕ್ಷತ್ರಗಳ ನಡುವಿನ ಅಂತರ, ಕೋನಗಳನ್ನು ನಕ್ಷತ್ರ ಸೂಚಿಯೊಂದಿಗೆ ಹೋಲಿಸಿ, ಚಿತ್ರದ ನಡುಬಿಂದು ಆಕಾಶದಲ್ಲಿ ಸರಿಯಾಗಿ ಎಲ್ಲಿದೆ ಎಂದು ಕಂಡುಹಿಡಿಯುತ್ತದೆ. ಇದೇ ಪ್ಲೇಟ್ ಸಾಲ್ವಿಂಗ್. ಸೂಚಿಯನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದರೆ ಇಂಟರ್‌ನೆಟ್ ಬೇಕಿಲ್ಲ. ಮಳೆಗಾಲ ಮುಗಿದರೂ ನೆಟ್‌ವರ್ಕ್ ಬಂದುಹೋಗಿ ಮಾಡುವ ನಮ್ಮ ಕಡೆ ಇದು ದೊಡ್ಡ ಅನುಕೂಲ.

ಇದರ ಪ್ರಯೋಗಕ್ಕೆ ನಾನು ಹುಣ್ಣಿಮೆಯ ರಾತ್ರಿಗಳನ್ನೇ ಆರಿಸುತ್ತೇನೆ. ಮಸುಕಾದ ನೀಹಾರಿಕೆಗಳ ಚಿತ್ರಕ್ಕೆ ಆ ಬೆಳದಿಂಗಳು ಒಗ್ಗುವುದಿಲ್ಲ, ಆದರೆ ಎರಡು ಮೂರು ಸೆಕೆಂಡಿನ ಚಿತ್ರದಲ್ಲಿ ಪ್ಲೇಟ್ ಸಾಲ್ವಿಂಗಿಗೆ ಬೇಕಾದಷ್ಟು ನಕ್ಷತ್ರಗಳು ಬೆಳದಿಂಗಳಲ್ಲೂ ಸಿಗುತ್ತವೆ. ಒಂದು ವರ್ಷ ಹುತ್ತರಿಯ ರಾತ್ರಿ ಹಾಗೆಯೇ ಕಣದಲ್ಲಿದ್ದೆ. ಹುತ್ತರಿಯ ದಿನವನ್ನೂ ಕದಿರು ತೆಗೆಯುವ ಮುಹೂರ್ತವನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸುತ್ತಾರೆ, ರೋಹಿಣಿ ನಕ್ಷತ್ರವೂ ಹುಣ್ಣಿಮೆಯೂ ಕೂಡುವ ಹೊತ್ತು ನೋಡಿ. ಆ ರಾತ್ರಿ ಆಕಾಶ ಶುಭ್ರವಾಗಿತ್ತು. ಪಕ್ಕದ ಐನ್‌ಮನೆಯವರ ಗದ್ದೆಯಲ್ಲಿ ಕೋವಿಯ ಗುಂಡು ಹಾರಿತು, “ಪೊಲಿ ಪೊಲಿ ದೇವಾ” ಎಂಬ ಕೂಗು ಕೇಳಿಸಿತು. ಊಟದ ಹೊತ್ತು ಮುಗಿದ ಮೇಲೆ ಆ ಮನೆಯ ಮಕ್ಕಳು ನಮ್ಮ ಕಣಕ್ಕೆ ಬಂದರು. ಕ್ಯಾಮೆರಾ ಪೂರ್ವಕ್ಕೆ ಮುಖ ಮಾಡಿತ್ತು, ನಾನು ಉತ್ತರಕ್ಕೆ ಬೆನ್ನು ಹಾಕಿ ಕುಳಿತಿದ್ದೆ. ಹೈಸ್ಕೂಲಿನ ಹುಡುಗಿಯೊಬ್ಬಳು ಪರದೆಯ ಮೇಲಿನ ಅಂಕಿಗಳನ್ನು ಓದಿ, “ಅಂಕಲ್, ಉತ್ತರದ ಕಡೆ ನೋಡದೇ ಇದಕ್ಕೆ ಉತ್ತರ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದಳು.

ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭವೆನಿಸಿತು. ಒಂದು ಸೀಮೆಸುಣ್ಣದ ತುಂಡು ಕೊಟ್ಟು, ಕಣದ ಸಿಮೆಂಟಿನ ಮೇಲೆ ಬಾಗಿದ ಒಂದು ಸಾಲಿನಲ್ಲಿ ಮೂರು ಚುಕ್ಕೆ ಇಡಲು ಹೇಳಿದೆ. ಮೂರು ಬಿಂದುಗಳ ಮೂಲಕ ಹಾಯುವ ವೃತ್ತದ ಕೇಂದ್ರ ಕಂಡುಹಿಡಿಯುವುದು ಅವಳ ರೇಖಾಗಣಿತದ ಪಾಠದಲ್ಲೇ ಇದೆ. ಗೊನೆ ಕಟ್ಟುವ ಹಗ್ಗವನ್ನು ಕೈವಾರವಾಗಿ ಹಿಡಿದು ಮೊದಲ ಎರಡು ಚುಕ್ಕೆಗಳ ನಡುವೆ ಲಂಬಾರ್ಧಕ ಎಳೆದಳು, ಎರಡನೆಯ ಮೂರನೆಯದರ ನಡುವೆ ಇನ್ನೊಂದು. ಎರಡು ಗೆರೆಗಳೂ ಉತ್ತರಕ್ಕೆ ಓಡಿ, ಹತ್ತಿರ ಹತ್ತಿರವಾಗುತ್ತ, ಕಣದ ಅಂಚು ದಾಟಿ ಕಾಫಿ ಗಿಡಗಳೊಳಗೆ ಹೋದವು. ಗೆರೆಯ ನೇರಕ್ಕೆ ತಮ್ಮನನ್ನು ನಿಲ್ಲಿಸಿ, ಹಗ್ಗ ಹಿಡಿಸಿ, ಕೇಂದ್ರ ಎಲ್ಲಿ ಬರುತ್ತದೆ ಎಂದು ಅವಳೇ ಹೇಳಿದಳು: ಮೂರನೇ ಸಾಲಿನ ಗಿಡದ ಬುಡದಲ್ಲಿ. ಅಲ್ಲಿಗೆ ಯಾರೂ ಕಾಲಿಡಲಿಲ್ಲ, ಇಡುವ ಅಗತ್ಯವೂ ಇರಲಿಲ್ಲ. ಮೌಂಟ್ ತಿರುಗಿದಾಗ ಕ್ಯಾಮೆರಾ ಆಕಾಶದಲ್ಲಿ ಹಾದುಹೋಗುವ ದಾರಿಯೂ ಒಂದು ವೃತ್ತವೇ. ಅದರ ಕೇಂದ್ರವೇ ಮೌಂಟಿನ ಅಕ್ಷ ಬೊಟ್ಟು ಮಾಡುತ್ತಿರುವ ಬಿಂದು. ಆ ಬಿಂದು ದಿಣ್ಣೆಯ ಹಿಂದಿರಲಿ, ಮರದ ಹಿಂದಿರಲಿ, ಮೂರು ಕಡೆ ಕ್ಯಾಮೆರಾ ಎಲ್ಲಿ ನೋಡಿತು ಎಂಬುದು ಗೊತ್ತಿದ್ದರೆ ಸಿಗಲೇಬೇಕು. ನಿಜವಾದ ಧ್ರುವಬಿಂದು ಎಲ್ಲಿರಬೇಕು ಎಂಬುದು ಸಮಯ, ಸ್ಥಳ, ದಿನಾಂಕದಿಂದ ಗೊತ್ತೇ ಇದೆ. ಎರಡರ ನಡುವಿನ ಅಂತರವನ್ನು ಮೇಲೆ ಇಷ್ಟು, ಬಲಕ್ಕೆ ಇಷ್ಟು ಎಂದು ತಂತ್ರಾಂಶ ಹೇಳುತ್ತದೆ. ಆಮೇಲೆ ಅದು ಚಿತ್ರ ತೆಗೆಯುತ್ತಲೇ ಇರುತ್ತದೆ, ನಾವು ಬೋಲ್ಟ್ ತಿರುಗಿಸಿದಂತೆ ಅಂಕಿ ಇಳಿಯುತ್ತದೆ.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಮೂರು ಚುಕ್ಕೆಗಳನ್ನು ತೀರಾ ಹತ್ತಿರ ಹತ್ತಿರ ಇಟ್ಟು ಮತ್ತೆ ಎಳೆದಳು. ಈ ಸಲ ಗೆರೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಓಡಿದವು, ಹಗ್ಗವನ್ನು ಒಂದು ಬೆರಳಿನಷ್ಟು ಆಚೆ ಹಿಡಿದರೆ ಕೇಂದ್ರ ಎರಡು ಗಿಡದಷ್ಟು ದೂರ ಹಾರುತ್ತಿತ್ತು. “ಹಾಗಾದರೆ ಕ್ಯಾಮೆರಾವನ್ನು ಜಾಸ್ತಿ ತಿರುಗಿಸಿದಷ್ಟೂ ಒಳ್ಳೆಯದು,” ಎಂದಳು. ಹೌದು. ಮೌಂಟನ್ನು ತಿರುಗಿಸುವ ಕೋನ ಕಿರಿದಾದಷ್ಟೂ ಚಿತ್ರದ ನಡುಬಿಂದುವಿನ ಸಣ್ಣ ತಪ್ಪು ಅಕ್ಷದ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಆಕಾಶ ಬಿಟ್ಟುಕೊಡುವಷ್ಟು ಅಗಲವಾಗಿ ತಿರುಗಿಸಬೇಕು. ತಂತ್ರಾಂಶದ ಸೂಚನೆಯಲ್ಲಿ ಹೀಗೆ ಮಾಡಿ ಎಂದಿರುತ್ತದೆ, ಏಕೆ ಎನ್ನುವುದನ್ನು ಆ ರಾತ್ರಿ ನಮ್ಮ ಕಣದ ಮೇಲೆ ನೋಡಿದೆವು. ನನ್ನನ್ನು ಇಷ್ಟು ವರ್ಷ ಈ ಕೆಲಸಕ್ಕೆ ಕಟ್ಟಿಹಾಕಿರುವುದು ಇಂಥ ಸಂಗತಿಗಳು. ಉತ್ತರ ಎನ್ನುವುದು ಒಂದು ನಕ್ಷತ್ರದ ವಿಳಾಸವೆಂದು ತಿಳಿದಿರುವವರೆಗೆ ಅದು ಕಾಣದ ಊರಿನವರು ಬಡವರು. ನಮ್ಮ ಕಾಲ ಕೆಳಗಿನ ನೆಲ ಯಾವುದರ ಸುತ್ತ ತಿರುಗುತ್ತಿದೆಯೋ ಆ ಅಕ್ಷವೇ ಉತ್ತರ. ಅದರ ಸುಳಿವು ಪ್ರತಿಯೊಂದು ನಕ್ಷತ್ರದ ಚಲನೆಯಲ್ಲೂ ಇದೆ, ಮಿಂಟಾಕದಲ್ಲೂ ಇದೆ, ಆ ರಾತ್ರಿ ನೆತ್ತಿಯ ಬಳಿ ಚಂದ್ರನ ಪಕ್ಕದಲ್ಲಿದ್ದ ರೋಹಿಣಿಯಲ್ಲೂ ಇತ್ತು.

ಎಷ್ಟು ಸಾಕು

ಅಂಕಿ ಸೊನ್ನೆಗೆ ಇಳಿಯುವವರೆಗೆ ಬೋಲ್ಟ್ ತಿರುಗಿಸುತ್ತಲೇ ಇರುವವರನ್ನು ಕಂಡಿದ್ದೇನೆ. ಅಷ್ಟು ಬೇಕಿಲ್ಲ. ಅಕ್ಷ ಒಂದು ಆರ್ಕ್ ಮಿನಿಟ್ ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ ಕಾಲು ಆರ್ಕ್ ಸೆಕೆಂಡಿನಷ್ಟು ಜಾರುತ್ತದೆ. ಐದು ಆರ್ಕ್ ಮಿನಿಟ್ ತಪ್ಪಿದ್ದು ಮೂರು ನಿಮಿಷದ ಚಿತ್ರ ತೆಗೆದರೆ ನಾಲ್ಕು ಆರ್ಕ್ ಸೆಕೆಂಡ್. 200 ಮಿಲಿಮೀಟರ್ ಲೆನ್ಸಿನ ಹಿಂದೆ ನಾಲ್ಕು ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಇದ್ದರೆ ಒಂದು ಪಿಕ್ಸೆಲ್ಲೇ ನಾಲ್ಕು ಆರ್ಕ್ ಸೆಕೆಂಡ್ ಅಗಲ, ಹಾಗಾಗಿ ಆ ತಪ್ಪು ಚಿತ್ರದಲ್ಲಿ ಕಾಣುವುದೇ ಇಲ್ಲ. ಅದೇ ಕ್ಯಾಮೆರಾ 1000 ಮಿಲಿಮೀಟರ್ ದೂರದರ್ಶಕದ ಹಿಂದಿದ್ದರೆ ನಕ್ಷತ್ರ ಐದು ಪಿಕ್ಸೆಲ್ ಉದ್ದದ ಗೀಟಾಗುತ್ತದೆ. ಒಂದು ನಕ್ಷತ್ರವನ್ನೇ ನೋಡುತ್ತ ಮೌಂಟನ್ನು ಆಗಾಗ ತಿದ್ದುವ ಗೈಡ್ ಕ್ಯಾಮೆರಾ ಇದ್ದರೆ ಅಲೈನ್‌ಮೆಂಟ್ ಹೇಗಿದ್ದರೂ ನಡೆಯುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೈಡಿಂಗ್ ಒಂದು ನಕ್ಷತ್ರವನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ, ಉಳಿದ ಆಕಾಶ ಅದರ ಸುತ್ತ ಮೆಲ್ಲನೆ ತಿರುಗುವುದನ್ನು ತಡೆಯಲಾರದು. ಚಿತ್ರದ ಮೂಲೆಗಳಲ್ಲಿ ಅದು ಕಂಡೇ ಕಾಣುತ್ತದೆ.

ಅಲೈನ್‌ಮೆಂಟಿನ ಗೋಜೇ ಬೇಡದ ಸಂದರ್ಭಗಳೂ ಇವೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ದಕ್ಷಿಣ ಕೊಡಗಿನ ಕುಟ್ಟದ ಕಡೆ ಪೂರ್ಣ ಕಂಕಣವಾಗಿ ಕಂಡಿತು. ಹಗಲಿನಲ್ಲಿ ಯಾವ ನಕ್ಷತ್ರ ನೋಡಿ ಅಕ್ಷ ಕೂರಿಸುವುದು? ಕುಟ್ಟದ ಅಕ್ಷಾಂಶ 12 ಡಿಗ್ರಿಗೆ ತೀರಾ ಹತ್ತಿರ. ಎತ್ತರವನ್ನು ಡಿಜಿಟಲ್ ಲೆವೆಲ್ಲಿನಿಂದ ಅಳೆದು, ದಿಕ್ಕನ್ನು ದಿಕ್ಸೂಚಿಯಿಂದ ಹಿಡಿದರೆ ಅಷ್ಟೇ ಸಾಕು. ಬೆಳಗಿನ ಸೂರ್ಯ ಪೂರ್ವದ ಕಡೆಗಿರುವುದರಿಂದ ಅಕ್ಷದ ಎತ್ತರದ ತಪ್ಪೇ ಹೆಚ್ಚು ಕಾಡುತ್ತದೆ, ದಿಕ್ಕಿನದು ಕಡಿಮೆ. ಸೋಲಾರ್ ಫಿಲ್ಟರ್ ಹಾಕಿದ ಮೇಲೂ ಎಕ್ಸ್‌ಪೋಷರ್ ಸೆಕೆಂಡಿನ ಸಣ್ಣ ಪಾಲು. ಬಿಂಬ ಪಕ್ಕಕ್ಕೆ ಸರಿದಾಗ ಕೈಯಿಂದ ಒಮ್ಮೆ ನೂಕಿದರೆ ಮುಗಿಯಿತು. ದಿಕ್ಸೂಚಿಯನ್ನು ಮಾತ್ರ ಟ್ರೈಪಾಡಿನ ಕಬ್ಬಿಣದಿಂದ ದೂರ ಹಿಡಿಯಬೇಕು.

ಎಷ್ಟು ನಿಖರತೆ ಬೇಕೆಂದು ತಿಳಿಯದೆ ತಂತ್ರಾಂಶದ ಹಸಿರು ದೀಪಕ್ಕೆ ಕಾಯುವುದು ನನಗೆ ಸೇರದ ರೂಢಿ. ಆದ್ದರಿಂದ ಪ್ರತಿ ವರ್ಷ ಮಳೆಗಾಲ ಕಳೆದು ಮೌಂಟ್ ಹೊರಗೆ ತಂದ ಮೊದಲ ರಾತ್ರಿ ಡ್ರಿಫ್ಟ್ ವಿಧಾನದಲ್ಲೇ ಅಕ್ಷ ಕೂರಿಸುತ್ತೇನೆ, ಆಮೇಲೆ ಮೂರು ಚಿತ್ರಗಳ ವಿಧಾನದಿಂದ ತಾಳೆ ನೋಡುತ್ತೇನೆ. ಎರಡೂ ಒಂದೆರಡು ಆರ್ಕ್ ಮಿನಿಟಿನೊಳಗೆ ಒಪ್ಪಿದರೆ ಆ ಋತುವಿಗೆ ಉಪಕರಣ ಸರಿಯಿದೆ ಎಂದರ್ಥ. ಒಪ್ಪದಿದ್ದರೆ ಕ್ಯಾಮೆರಾ ಸಡಿಲವಾಗಿದೆ, ಇಲ್ಲವೇ ಕೇಬಲ್ ಎಲ್ಲೋ ಎಳೆಯುತ್ತಿದೆ, ಇಲ್ಲವೇ ಟ್ರೈಪಾಡಿನ ಕಾಲು ಕುಸಿಯುತ್ತಿದೆ. ಕಣದ ಅಂಚಿನ ಸಿಮೆಂಟಿಗೆ ಬಿರುಕು ಬಿಟ್ಟಿರುವುದು ಮೊದಲು ತಿಳಿದದ್ದೂ ಹೀಗೆಯೇ.

ಆ ಬಿರುಕಿನ ದೆಸೆಯಿಂದ ಈ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲು, ಕಣಕ್ಕೆ ಹೊಸ ಸಿಮೆಂಟ್ ಹಾಕಿಸುವ ಮಾತು ನಡೆದಿದೆ. ಟ್ರೈಪಾಡಿನ ಕಾಲುಗಳಿಗೆ ನಾನು ಬಳಿದಿದ್ದ ಬಣ್ಣದ ಗುರುತುಗಳು ಕಾಫಿ ಎಳೆಯುವ ಹಲಗೆಗೆ ಸಿಕ್ಕಿ ಪ್ರತಿ ವರ್ಷವೂ ಅಳಿಸಿಹೋಗುತ್ತವೆ. ಸಿಮೆಂಟ್ ಹಸಿಯಿರುವಾಗಲೇ ಮೂರು ಚಿಕ್ಕ ಉಕ್ಕಿನ ತಟ್ಟೆಗಳನ್ನು ನೆಲದ ಮಟ್ಟಕ್ಕೆ ಹುದುಗಿಸಲು ದೊಡ್ಡಪ್ಪ ಒಪ್ಪಿದ್ದಾರೆ, ಹಲಗೆಗೆ ಎಡವದಂತೆ ಕೂರಬೇಕು ಎನ್ನುವುದೊಂದೇ ಅವರ ಮಾತು. ಅದಕ್ಕೆ ಮುಂಚೆ ತಟ್ಟೆಗಳ ಜಾಗ ಗೊತ್ತುಮಾಡಬೇಕು. ಏಪ್ರಿಲ್ ರಾತ್ರಿಗಳಲ್ಲಿ ಮಹಾವ್ಯಾಧ ಬೇಗ ಪಶ್ಚಿಮಕ್ಕೆ ಇಳಿಯುತ್ತಾನೆ. ಹಾಗಾಗಿ ನೆತ್ತಿಗೆ ಬರುವ ಬೇರೊಂದು ನಕ್ಷತ್ರವನ್ನು, ಕನ್ಯಾ ರಾಶಿಯಲ್ಲಿ ವಿಷುವದ್ವೃತ್ತಕ್ಕೆ ಹತ್ತಿರವಿರುವುದನ್ನು, ಗುರುತು ಹಾಕಿಕೊಂಡಿದ್ದೇನೆ. ಕಾಫಿ ಹೂವರಳಿಸುವ ಹೂಮಳೆಯ ಮೋಡಗಳ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕರೆ ಸಾಕು.